ಗಾಜು ತೆಗೆದಿಟ್ಟ ದಿನ

ಈ ಕೆಲಸಕ್ಕೆ ಹೊಸದಾಗಿ ಇಳಿದವರು ನನಗೆ ಫೋನ್ ಮಾಡಿದರೆ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. ಹವಳದ ಟ್ಯಾಂಕಿಗೆ ಹಳೆಯ ಹಲೈಡ್ ದೀಪ ಒಳ್ಳೆಯದೋ, ಈಗಿನ ಎಲ್‌ಇಡಿ ಒಳ್ಳೆಯದೋ? ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಇವನಿಗೆ ಗೊತ್ತಿಲ್ಲ ಎಂದುಕೊಂಡು ಕೆಲವರು ಫೋನ್ ಇಡುತ್ತಾರೆ. ಅವರು ಪೂರ್ತಿ ತಪ್ಪು ಅಂತಲೂ ಹೇಳಲಾರೆ. ಹೊಸನಗರದಲ್ಲಿ ಮನೆ ಮಾಡಿಕೊಂಡು ಇಪ್ಪತ್ತು ವರ್ಷ ಸಾಗರಕ್ಕೂ ತೀರ್ಥಹಳ್ಳಿಗೂ ಬಸ್ಸಿನಲ್ಲಿ ಓಡಾಡಿ, ಉಪ್ಪುನೀರಿನ ಮೇಲೆ ದೀಪ ತೂಗುಹಾಕಿದವನು ನಾನು. ಒಂದು ದಿನವೂ ಹೆದರದೆ ಸ್ವಿಚ್ ಒತ್ತಲಿಲ್ಲ. ನಿಮಗೆ ಕೊಡಲು ನನ್ನ ಹತ್ತಿರ ಇರುವುದು ಆ ಹೆದರಿಕೆಯೇ.

ಇನ್ನೊಂದು ಮಾತು. ಇಲ್ಲಿ ಬರೆಯುವುದನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೇನೆ ಎಂದು ನನಗೆ ಅನ್ನಿಸುತ್ತದೆ. ಹಾಗೆ ಅನ್ನಿಸುವುದಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದು ಮುಂದೆ ಗೊತ್ತಾಗುತ್ತದೆ.

ನಾನು ಮೊದಲು ಟ್ಯೂಬ್‌ಲೈಟಿನ ಚೋಕ್ ರಿಪೇರಿ ಮಾಡುತ್ತಿದ್ದೆ. ಸಾಗರದಲ್ಲಿ ಬಣ್ಣದ ಮೀನು, ಹಕ್ಕಿಗೂಡು ಮಾರುತ್ತಿದ್ದ ಇಸ್ಮಾಯಿಲ್ ಸಾಹೇಬ್ರ ಅಂಗಡಿಗೆ ಒಮ್ಮೆ ಚೋಕ್ ಬದಲಾಯಿಸಲು ಹೋದವನು ಅಲ್ಲೇ ಉಳಿದೆ. ಸಾಹೇಬ್ರು ಆಗಷ್ಟೇ ಒಂದು ಲಾಡ್ಜಿನ ಮುಂಗಟ್ಟಿಗೆ ಸಮುದ್ರದ ಟ್ಯಾಂಕ್ ಮಾಡಿಕೊಡಲು ಒಪ್ಪಿಕೊಂಡಿದ್ದರು. ನೀರಿಗೆ ಬೆರೆಸಿ ಸಮುದ್ರದ ನೀರು ಮಾಡುವ ಪ್ಯಾಕೆಟ್ ಉಪ್ಪು ಆಗ ನಮ್ಮ ಕಡೆ ಸಿಗುತ್ತಿರಲಿಲ್ಲ. ಹೊನ್ನಾವರದಿಂದ ಘಾಟಿ ಹತ್ತಿ ಬರುವ ಮೀನಿನ ಗಾಡಿಯಲ್ಲಿ, ಬಂಗುಡೆ ಬುಟ್ಟಿಗಳ ಪಕ್ಕ, ನೀಲಿ ಡ್ರಮ್ಮಿನಲ್ಲಿ ಸಮುದ್ರದ ನೀರು ಬರುತ್ತಿತ್ತು. ಅದನ್ನು ಸೋಸಿ, ಎರಡು ವಾರ ಕತ್ತಲಲ್ಲಿಟ್ಟು ಬಳಸುತ್ತಿದ್ದೆವು. ಹವಳ ಅಂದರೆ ಕಲ್ಲಿನಂಥ ಗಟ್ಟಿ ಹವಳ ಅಲ್ಲ. ಅದನ್ನು ಸಮುದ್ರದಿಂದ ಕಿತ್ತು ತರುವುದು ಅಪರಾಧ. ಸಾಕಿ ಬೆಳೆಸಿದ ಮೆತ್ತನೆಯ ಜಾತಿಗಳು, ಕಾಗದಪತ್ರ ಇರುವಂಥವು, ಅಷ್ಟೇ. ಆ ಕಾಗದಗಳನ್ನು ನಾನು ಚೀಲದಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದೆ. ಅರಣ್ಯ ಇಲಾಖೆಯ ಜೀಪು ಕಂಡರೆ ಚೀಲ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಹವಳ ಬದುಕುವುದು ಬೆಳಕಿನ ಮೇಲೆ. ಮೀನಿಗೆ ತಿಂಡಿ ಹಾಕುವುದು ತಡವಾದರೆ ಅದು ಸಹಿಸುತ್ತದೆ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಅದು ಬೆಳಕು ಉಂಡು ಹವಳವನ್ನು ಸಾಕುತ್ತದೆ. ಹಾಗಾಗಿ ದೀಪವೇ ಅದಕ್ಕೆ ಅನ್ನ. ನಾವು ಮೊದಲು ಬಳಸಿದ್ದು ಟಿ-ಫೈವ್ ಎನ್ನುವ ತೆಳ್ಳಗಿನ ಟ್ಯೂಬ್‌ಗಳು. ಆಮೇಲೆ ಹಲೈಡ್ ಬಂತು. ಬೆರಳುದ್ದದ ಒಂದು ಬಲ್ಬು, ಅದರಿಂದ ಮಧ್ಯಾಹ್ನದ ಬಿಸಿಲಿನಂಥ ಬೆಳಕು. ಹತ್ತಿರ ಕೈ ಇಟ್ಟರೆ ಸುಡುತ್ತಿತ್ತು. ಹಚ್ಚಿದ ಕೂಡಲೇ ಬೆಳಗುವುದಿಲ್ಲ. ಮೊದಲು ನೇರಳೆ, ಆಮೇಲೆ ಹಸಿರು ಮಿಶ್ರಿತ ಬಿಳುಪು, ನಾಲ್ಕು ನಿಮಿಷ ಕಳೆದ ಮೇಲೆ ಪೂರ್ತಿ ಬೆಳಕು. ನಮ್ಮಲ್ಲಿ ಕರೆಂಟು ಕಣ್ಣು ಮಿಟುಕಿಸಿದರೆ ಅದು ಆರಿಹೋಗುತ್ತದೆ. ಕರೆಂಟು ತಕ್ಷಣ ಬಂದರೂ ದೀಪ ಬರುವುದಿಲ್ಲ; ತಣ್ಣಗಾಗಬೇಕು. ಮೊದಲ ಸಲ ಹಾಗಾದಾಗ ಬಲ್ಬು ಸುಟ್ಟೆ ಎಂದು ನಾನು ಬೆವತು, ಅಂಗಡಿಗೆ ಓಡಿಬಂದು ಹೇಳಿದೆ. ಸಾಹೇಬ್ರು ಚಹಾ ಕುಡಿಯುವುದನ್ನು ನಿಲ್ಲಿಸಲೂ ಇಲ್ಲ. "ಕಾಲು ಗಂಟೆ ತಡೀರಿ ಮಂಜಪ್ಪನವ್ರೇ. ಅದು ಸರಿಯಿದೆ. ಟ್ಯೂಬ್‌ಲೈಟ್ ನೀವೇ" ಅಂದರು. ಆ ಹೆಸರು ಅಂಗಡಿಯಲ್ಲಿ ನನಗೆ ಕೊನೆಯವರೆಗೂ ಉಳಿಯಿತು.

ಹಲೈಡ್ ಬಲ್ಬಿನ ಕೆಳಗೆ ಒಂದು ಗಾಜಿನ ಹಲಗೆ ಇರುತ್ತದೆ. ಅಂಗೈ ಎರಡರಷ್ಟು ಅಗಲ. "ಗ್ಲಾಸ್ ಇಲ್ದೆ ಹಚ್ಚಬೇಡಿ" ಎಂದು ಸಾಹೇಬ್ರು ಹೇಳಿದ್ದರು. ಇದು ಖಂಡಿತ. ಯಾಕೆ ಎಂದು ಏನು ಹೇಳಿದ್ದರು? ಬಲ್ಬು ಒಡೆದರೆ ಚೂರು ನೀರಿಗೆ ಬೀಳುತ್ತದೆ ಅಂದಿದ್ದರು. "ಕಣ್ಣಿಗೂ ಒಳ್ಳೇದಲ್ಲ" ಎಂದೂ ಅಂದಿದ್ದರೇ? ಈಗ ನನ್ನ ಕಿವಿಯಲ್ಲಿ ಅವರ ದನಿಯಲ್ಲೇ ಆ ಮಾತು ಕೇಳುತ್ತದೆ. ಆದರೆ ಅದು ಕೇಳಲು ಶುರುವಾದದ್ದು ನಡೆದದ್ದೆಲ್ಲ ನಡೆದ ಮೇಲೆ. ಸಾಹೇಬ್ರು ಈಗಿಲ್ಲ. ಕೇಳಿ ತಿಳಿಯೋಣವೆಂದರೆ ಯಾರೂ ಇಲ್ಲ.

ಲಾಡ್ಜಿನವರು ಕೆಲವು ವರ್ಷದ ಮೇಲೆ ಮುಂಗಟ್ಟು ಒಡೆದು ಹೊಸದು ಕಟ್ಟಿಸುವಾಗ ಟ್ಯಾಂಕನ್ನು ಹೊರಹಾಕಲು ಹೊರಟರು. ಅಲ್ಲಿ ಕೌಂಟರಿಗೆ ಮರದ ಕೆತ್ತನೆ ಮಾಡುತ್ತಿದ್ದವರು ಪರಮೇಶಣ್ಣ. ಸಾಗರದವರೇ; ಶಿವನೆ ಮರದಲ್ಲೂ ಗಂಧದಲ್ಲೂ ಉಳಿ ಆಡಿಸುವವರು. "ಬಿಸಾಕೋದಾದ್ರೆ ನಂಗೆ ಕೊಡಿ" ಅಂದರು. ಹೀಗೆ ಟ್ಯಾಂಕು, ಅದರ ಹಲೈಡು, ಅದರ ಜೊತೆಗೆ ನಾನು, ಮೂವರೂ ಅವರ ಮನೆಯ ಮುಂದಿನ ಕೋಣೆಗೆ ಬಂದೆವು. ಅದೇ ಅವರ ಕೆಲಸದ ಕೋಣೆ.

"ಗಂಧಕ್ಕೂ ಪಾಸು, ಹವಳಕ್ಕೂ ಪಾಸು" ಎಂದು ಕಾಗದ ನೋಡಿ ನಕ್ಕರು. "ಇನ್ನು ನನ್ ಹೆಂಡ್ತಿಗೊಂದು ಪಾಸು ಮಾಡ್ಸಿಬಿಟ್ರೆ ಫಾರೆಸ್ಟ್‌ನೋರು ಮನೆ ಪೂರ್ತಿ ಜಪ್ತಿ ಮಾಡಬಹುದು."

ಒಳಗಿನಿಂದ ಗಿರಿಜಕ್ಕ, ಅವರ ಹೆಂಡತಿ, "ಜಪ್ತಿ ಮಾಡಿದ್ರೆ ನಂಗೂ ಸ್ವಲ್ಪ ರೆಸ್ಟು" ಅಂದರು.

ಪರಮೇಶಣ್ಣ ಮೀನಿಗಿಂತ ಹೆಚ್ಚು ದೀಪವನ್ನು ಇಷ್ಟಪಟ್ಟರು. ಇದು ನಾನು ಬೇರೆ ಯಾವ ಗಿರಾಕಿಯಲ್ಲೂ ಕಾಣದ ವಿಷಯ. ನೀರು ಬಿಸಿಯಾಗದಿರಲಿ ಎಂದು ನಾನು ದೀಪವನ್ನು ಸರಪಳಿಯಲ್ಲಿ ಎತ್ತರಕ್ಕೆ ತೂಗುಹಾಕಿದ್ದೆ. ಬೆಳಕು ಪಕ್ಕಕ್ಕೂ ಚೆಲ್ಲುತ್ತಿತ್ತು. ಅವರು ತಮ್ಮ ಮಣೆಯನ್ನು ಎಳೆದುಕೊಂಡು ಆ ಬೆಳಕಿಗೇ ಬಂದು ಕೂತರು.

"ಟ್ಯೂಬಿಗೆ ನೆರಳೇ ಇಲ್ಲ ಮಾರಾಯ, ಎಲ್ಲಾ ಚಪ್ಪಟೆ. ಇಲ್ನೋಡು. ಒಂದೇ ಬಲ್ಬು, ಒಂದೇ ನೆರಳು. ಉಳಿ ಎಷ್ಟು ಆಳ ಹೋಯ್ತು ಅಂತ ನೆರಳೇ ಹೇಳ್ತದೆ."

ದೀಪದ ಆಯ್ಕೆಯ ಬಗ್ಗೆ ಪುಸ್ತಕಗಳಲ್ಲಿ ಓದಿದ್ದಕ್ಕಿಂತ ಹೆಚ್ಚು ಈ ಮಾತಿನಿಂದ ಕಲಿತೆ. ನೀರು ಅಲುಗಿದಾಗ ತಳದ ಮರಳಿನ ಮೇಲೆ ಬೆಳಕಿನ ಬಲೆ ಓಡಾಡುವುದು ಹಲೈಡಿನಲ್ಲಿ ಮಾತ್ರ ಅಷ್ಟು ಚೆನ್ನ, ಯಾಕೆಂದರೆ ಬೆಳಕು ಒಂದೇ ಬಿಂದುವಿನಿಂದ ಬರುತ್ತದೆ. ಟ್ಯೂಬಿನಲ್ಲಿ ಆ ಬಲೆ ಕಾಣುವುದಿಲ್ಲ, ಆದರೆ ಮೂಲೆ ಮೂಲೆಗೂ ಸಮನಾಗಿ ಬೆಳಕು ಹೋಗುತ್ತದೆ. ಎಲ್‌ಇಡಿಯಲ್ಲಿ ಹತ್ತಾರು ಬಿಂದುಗಳು, ಒಂದೊಂದು ಒಂದು ಬಣ್ಣ. ನೆರಳಿಗೆ ನೀಲಿ ಕೆಂಪು ಅಂಚು ಬರುತ್ತದೆ.

ಆ ವರ್ಷ ಪರಮೇಶಣ್ಣ ಒಂದು ಗಂಧದ ಪೆಟ್ಟಿಗೆಯ ಮುಚ್ಚಳ ಕೆತ್ತುತ್ತಿದ್ದರು. ಬಳ್ಳಿ, ಬಳ್ಳಿಯೊಳಗೆ ಬಳ್ಳಿ. ಕೂದಲಿಗಿಂತ ತೆಳ್ಳಗಿನ ಎಲೆಯ ನರಗಳು. ಅರ್ಧ ಮುಗಿದಿತ್ತು.

ಈಗ ಆ ದಿನಕ್ಕೆ ಬರುತ್ತೇನೆ.

ಉಪ್ಪು ಹಾರಿ ಗಾಜಿನ ಮೇಲೆ ಬಿಳಿ ಪೊರೆ ಕೂರುತ್ತದೆ. ಹದಿನೈದು ದಿನಕ್ಕೊಮ್ಮೆ ಒರೆಸಬೇಕು. ದೀಪ ಆರಿಸಿ, ಗಾಜು ತಣ್ಣಗಾಗುವವರೆಗೆ ಕಾಯಬೇಕು. ನಾನು ಕಾಯಲಿಲ್ಲ. ತೀರ್ಥಹಳ್ಳಿ ಕಡೆಯ ಬಸ್ಸು ಹಿಡಿಯುವ ಅವಸರ ಇತ್ತು. ಒದ್ದೆ ಬಟ್ಟೆ ಮುಟ್ಟಿಸಿದೆ. ಟಿಕ್ ಎಂದಿತು. ಗಾಜಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಿರುಕು. ಹೊಸ ಗಾಜು ಬೆಂಗಳೂರಿನಿಂದ ಬರಲು ನಾಲ್ಕೈದು ದಿನ ಬೇಕು.

ನನಗೆ ಆಗ ಇದ್ದ ಹೆದರಿಕೆ ಇಷ್ಟೇ: ನಾಲ್ಕೈದು ದಿನ ಬೆಳಕಿಲ್ಲದಿದ್ದರೆ ಹವಳ ಸಾಯುತ್ತದೆ. ಇದು ಸುಳ್ಳು. ಆರೋಗ್ಯವಾಗಿರುವ ಹವಳ ನಾಲ್ಕೈದು ದಿನ ಕತ್ತಲನ್ನು ತಡೆಯುತ್ತದೆ. ಸಮುದ್ರದಲ್ಲೂ ಮೋಡ ಕವಿಯುತ್ತದಲ್ಲ. ಬೇಕಿದ್ದರೆ ಸಾದಾ ಟ್ಯೂಬು ತೂಗುಹಾಕಬಹುದಿತ್ತು. ನನ್ನ ಅಟ್ಟದಲ್ಲೇ ಹತ್ತು ಇದ್ದವು. ನಾನು ಹೆದರಬೇಕಾದ್ದಕ್ಕೆ ಹೆದರಲಿಲ್ಲ, ಹೆದರಬಾರದ್ದಕ್ಕೆ ಹೆದರಿದೆ. ಗಾಜು ತೆಗೆದು ಕಾಗದದಲ್ಲಿ ಸುತ್ತಿ ಗೋಡೆಗೆ ಒರಗಿಸಿಟ್ಟೆ. ದೀಪವನ್ನು ಹಾಗೇ ಬಿಟ್ಟೆ. ಟೈಮರ್ ಇತ್ತು, ಮಾರನೆಯ ದಿನ ಹನ್ನೊಂದಕ್ಕೆ ತಾನೇ ಹೊತ್ತಿಕೊಳ್ಳುತ್ತದೆ.

ಆಮೇಲೆ ಪರಮೇಶಣ್ಣನ ಕಡೆ ತಿರುಗಿದೆ. ಅವರು ಮಣೆಯ ಮೇಲೆ ಕೂತು ಉಳಿ ಮಸೆಯುತ್ತಿದ್ದರು. "ಪರಮೇಶಣ್ಣ, ಗ್ಲಾಸ್ ತೆಗ್ದಿದೀನಿ. ಹೊಸದು ಬರೋವರ್ಗೂ ಆ ಬೆಳಕಲ್ಲಿ ಕೂರಬೇಡಿ" ಅಂದೆ. ಅವರು ತಲೆ ಎತ್ತದೆ "ಆಯ್ತು" ಅಂದರು.

ಈ ದೃಶ್ಯ ನನಗೆ ಬಹಳ ಸ್ಪಷ್ಟವಾಗಿದೆ. ಮಸೆಗಲ್ಲಿನ ಸದ್ದು ಕೇಳುತ್ತದೆ. ಅವರ ಬನಿಯನ್ನಿನ ಹೆಗಲಲ್ಲಿ ಒಂದು ತೂತು. ಇಷ್ಟು ಸ್ಪಷ್ಟವಾಗಿರುವುದೇ ನನ್ನ ಅನುಮಾನಕ್ಕೆ ಕಾರಣ. ಆ ವರ್ಷದ ಬೇರೆ ಯಾವ ದಿನದಲ್ಲೂ ನನಗೆ ಬನಿಯನ್ನಿನ ತೂತು ನೆನಪಿಲ್ಲ.

ಎರಡು ದಿನ ಕಳೆದು ಬೆಳಿಗ್ಗೆ ಏಳು ಗಂಟೆಗೆ ಗಿರಿಜಕ್ಕನ ಫೋನು.

"ಮಂಜಣ್ಣ, ಇವ್ರಿಗೆ ಕಣ್ಣೇ ಬಿಡಕ್ಕಾಗ್ತಿಲ್ಲ. ಕಣ್ಣಿಗೆ ಮರಳು ಹೊಯ್ದಂಗೆ ಆಗ್ತಿದೆ ಅಂತಾರೆ. ನೀರು ಸುರೀತಾನೇ ಇದೆ. ಆಸ್ಪತ್ರೆಗೆ ಹೊರಟಿದೀವಿ. ನೀವು ಬರ್ತೀರಾ?"

ಯಾಕೆ ನನ್ನನ್ನು ಕರೆದರು ಎಂದು ನಾನು ಕೇಳಲಿಲ್ಲ. ಹೊಸನಗರದಿಂದ ಸಾಗರಕ್ಕೆ ಬಸ್ಸು ಹತ್ತಿದೆ. ಆ ದಾರಿಯಲ್ಲಿ ನನಗೆ ಆದ ಹೆದರಿಕೆಯನ್ನು ಬರೆಯಲು ಪ್ರಯತ್ನಿಸುತ್ತೇನೆ. ಪಕ್ಕದವರು ಟಿಕೆಟು ಕೊಡಲು ನನ್ನ ಕೈ ಮುಟ್ಟಿದಾಗ ಬೆಚ್ಚಿದೆ. ಕೆತ್ತನೆಯವರಿಗೆ ಕಣ್ಣು ಹೋದರೆ ಏನು ಉಳಿಯುತ್ತದೆ? ನಾನು ಗಾಜಿನ ಹಲಗೆಯನ್ನಲ್ಲ, ಒಬ್ಬ ಮನುಷ್ಯನ ಕಣ್ಣನ್ನು ಕಾಗದದಲ್ಲಿ ಸುತ್ತಿ ಗೋಡೆಗೆ ಒರಗಿಸಿ ಬಂದಿದ್ದೆ. ಆಗ ನನ್ನೊಳಗೆ ಒಂದು ವಾಕ್ಯ ಶುರುವಾಯಿತು: ನಾನು ಹೇಳಿದ್ದೆ. ನಾನು ಹೇಳಿದ್ದೆ. ಬಸ್ಸಿನ ಚಕ್ರದ ಜೊತೆಗೆ ಅದೂ ತಿರುಗಿತು. ಹೇಗೆ ಹೇಳಿದ್ದೆ, ಅವರು ಎಲ್ಲಿ ಕೂತಿದ್ದರು, ಏನಂದರು ಎಂದು ನಾನೇ ಕೇಳಿಕೊಂಡು ನಾನೇ ಉತ್ತರಿಸಿಕೊಂಡೆ. ಸಾಗರ ಮುಟ್ಟುವ ಹೊತ್ತಿಗೆ ಮಸೆಗಲ್ಲೂ ಇತ್ತು, ಬನಿಯನ್ನೂ ಇತ್ತು. ಆ ಬಸ್ಸಿಗೆ ಮುಂಚೆ ಅವು ಇದ್ದವೇ? ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ಪರಮೇಶಣ್ಣ ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಡಾಕ್ಟರು ರೆಪ್ಪೆ ಬಿಡಿಸಿ ನೋಡಿದರು.

"ವೆಲ್ಡಿಂಗ್ ಕೆಲಸ ಮಾಡ್ತೀರಾ?"

"ಇಲ್ಲ ಸ್ವಾಮಿ, ಗಂಧ ಕೆತ್ತೋದು."

"ಇದು ವೆಲ್ಡಿಂಗ್‌ನೋರಿಗೆ ಆಗೋದು. ಕನ್ನಡಕ ಇಲ್ದೆ ಆರ್ಕ್ ನೋಡಿದ್ರೆ ಹೀಗಾಗುತ್ತೆ. ಮನೇಲಿ ಜೋರು ಲೈಟ್ ಏನಾದ್ರೂ ಇದೆಯಾ?"

"ಮೀನಿನ ಲೈಟ್ ಬಿಟ್ರೆ ಬೇರೇನಿಲ್ಲ" ಎಂದರು ಗಿರಿಜಕ್ಕ. ಅವರು ಹಾಗೆ ಹೇಳುವವರೆಗೂ ನಾನು ಬಾಗಿಲ ಹತ್ತಿರ ಸುಮ್ಮನೆ ನಿಂತಿದ್ದೆ. ಇದನ್ನು ನಾನು ಮುಚ್ಚಿಡುವುದಿಲ್ಲ. ಡಾಕ್ಟರು ವೆಲ್ಡಿಂಗ್ ಅಂದ ಕ್ಷಣದಲ್ಲೇ ನನಗೆ ಖಚಿತವಾಗಿತ್ತು: ಆ ಬಲ್ಬಿನಿಂದ ಬರುವ, ಕಣ್ಣಿಗೆ ಕಾಣದ ಸುಡುವ ಕಿರಣವನ್ನು ತಡೆಯುತ್ತಿದ್ದದ್ದು ಆ ಗಾಜೇ. ಆದರೂ ಬಾಯಿ ತೆರೆಯಲಿಲ್ಲ.

ಡಾಕ್ಟರು ನನ್ನ ಕಡೆ ನೋಡಿದರು.

"ಅದರ ಗ್ಲಾಸ್ ಒಡೆದಿತ್ತು ಸಾರ್" ಎಂದೆ. "ನಾನು ಹೇಳಿದ್ದೆ."

ಕಣ್ಣು ಮುಚ್ಚಿಕೊಂಡೇ ಪರಮೇಶಣ್ಣ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದರು. ಒದ್ದೆ ಬಟ್ಟೆಯನ್ನು ಇನ್ನೊಂದು ಮಗ್ಗುಲಿಗೆ ಮಡಚಿದರು. ಆಮೇಲೆ, "ಹೂಂ, ಹೇಳಿದ್ದ" ಅಂದರು. ಗಿರಿಜಕ್ಕ ನೆಲ ನೋಡುತ್ತಿದ್ದರು.

ಎರಡು ಮೂರು ದಿನದಲ್ಲಿ ವಾಸಿಯಾಗುತ್ತದೆ ಎಂದರು ಡಾಕ್ಟರು. ಆಯಿತು ಕೂಡ. ಮೂರನೆಯ ದಿನ ಅವರು ಕಣ್ಣು ಬಿಟ್ಟು, ಎದುರು ನಿಂತ ನನ್ನನ್ನು ನೋಡಿ, "ಕಣ್ಣು ಬಿಟ್ಟ ಕೂಡ್ಲೇ ನಿನ್ ಮುಖಾನೇ ಕಾಣ್ಬೇಕಾ?" ಅಂದರು. ನಾನು ನಗಲು ಹೋಗಿ ಅತ್ತೆ. ಎಲ್ಲರೂ ಇದನ್ನು ಅಲ್ಲಿಗೆ ಮುಗಿಸಿದರು. ನನಗೆ ಮುಗಿಯಲಿಲ್ಲ.

ಹೆದರಿದವನು ಒಂದು ದಿಕ್ಕಿನಿಂದ ಇನ್ನೊಂದು ದಿಕ್ಕಿಗೆ ಓಡುತ್ತಾನೆ. ಎಲ್ಲಿಗೆ ಓಡುತ್ತಿದ್ದೇನೆ ಎಂದು ನೋಡುವುದಿಲ್ಲ. ಒಂದು ತಿಂಗಳೊಳಗೆ ಮೂರೂ ತಾಲ್ಲೂಕಿನಲ್ಲಿ ನಾನು ತೂಗುಹಾಕಿದ್ದ ಹಲೈಡುಗಳನ್ನೆಲ್ಲ ಇಳಿಸಿದೆ. ಎಲ್ಲ ಕಡೆ ಎಲ್‌ಇಡಿ. ಬಿಸಿಯಿಲ್ಲ, ಒಡೆಯುವ ಗಾಜಿಲ್ಲ, ಕರೆಂಟು ಹೋಗಿ ಬಂದರೆ ತಕ್ಷಣ ಹೊತ್ತಿಕೊಳ್ಳುತ್ತದೆ. ಇನ್ನು ಯಾರಿಗೂ ಏನೂ ಆಗುವುದಿಲ್ಲ ಎಂದುಕೊಂಡೆ.

ತೀರ್ಥಹಳ್ಳಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನನ್ನ ಅತ್ಯಂತ ಚೆಂದದ ಟ್ಯಾಂಕ್ ಇತ್ತು. ಕಾಯುವವರು ನೋಡಿ ನೋವು ಮರೆಯಲಿ ಎಂದು ಇಟ್ಟಿದ್ದರು. ಹೊಸ ದೀಪ ಹಾಕಿ ನೋಡಿದೆ. ಹಲೈಡಿನ ಮುಂದೆ ಅದು ಮಂಕಾಗಿ ಕಂಡಿತು. ನೀಲಿ ಬೆಳಕು ನಮ್ಮ ಕಣ್ಣಿಗೆ ಕಡಿಮೆ ಕಾಣುತ್ತದೆ, ಆದರೆ ಹವಳಕ್ಕೆ ಅದೇ ಜೋರು ಊಟ. ನನಗೆ ಇದು ಗೊತ್ತಿರಲಿಲ್ಲ. ಬೆಳಕು ಏರಿಸುವ ತಿರುಗಣೆಯನ್ನು ಪೂರ್ತಿ ನೂರಕ್ಕೆ ತಿರುಗಿಸಿ ಹೊರಟುಬಂದೆ.

ಎಂಟನೆಯ ದಿನ ಡಾಕ್ಟರು ಕರೆದರು. ಒಳಗೆ ಹೋದರೆ ಟ್ಯಾಂಕಿನಲ್ಲಿ ಕಂದು, ಹಸಿರು, ನೇರಳೆ ಯಾವುದೂ ಇಲ್ಲ. ಸುಣ್ಣ ಬಳಿದ ಹಾಗೆ ಬಿಳಿ. ಹವಳಗಳು ಮುದುಡಿಕೊಂಡಿದ್ದವು. ಮೈಯೊಳಗಿನ ಪಾಚಿಯನ್ನು ಹೊರಕ್ಕೆ ಉಗಿದುಬಿಟ್ಟಿದ್ದವು.

"ಮಂಜಪ್ಪ, ನನ್ನ ಪೇಷಂಟ್ಸೆಲ್ಲ ಖುಷಿಯಾಗಿದಾರೆ" ಎಂದರು ಡಾಕ್ಟರು. "ಡಾಕ್ಟ್ರೇ, ನಿಮ್ಮ ಮೀನಿನ ಮನೆ ಹಲ್ಲು ಎಷ್ಟು ಬೆಳ್ಳಗಿದೆ, ನಮ್ಗೂ ಹಂಗೆ ಮಾಡ್ಕೊಡಿ ಅಂತಿದಾರೆ. ಈಗ ಏನ್ ಮಾಡ್ಲಿ?"

ನನಗೆ ನಗು ಬರಲಿಲ್ಲ. ದೀಪವನ್ನು ಇಪ್ಪತ್ತಕ್ಕೆ ಇಳಿಸಿದೆ. ವಾರಕ್ಕೆ ಐದರಂತೆ, ಸರಪಳಿ ಎತ್ತರದಲ್ಲಿಟ್ಟು, ಏರಿಸುತ್ತ ಹೋದೆ. ಪ್ರತಿ ವಾರ ಬಾಗಿಲು ತೆಗೆಯುವ ಮುಂಚೆ ಒಂದು ಕ್ಷಣ ಹೊರಗೇ ನಿಲ್ಲುತ್ತಿದ್ದೆ. ಬೇಸಿಗೆ ಕಳೆಯುವ ಹೊತ್ತಿಗೆ ಅರ್ಧದಷ್ಟು ಹವಳಕ್ಕೆ ಬಣ್ಣ ಬಂತು. ಉಳಿದದ್ದು ಕರಗಿತು.

ಹೊಸಬರಿಗೆ ಈ ಎರಡು ಕಥೆಗಳಿಂದ ಯಾವ ದೀಪ ಒಳ್ಳೆಯದು ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಈಗ ಎಲ್‌ಇಡಿಯನ್ನೇ ಹಾಕಿ, ಹಲೈಡ್ ಬಲ್ಬು ಸಿಗುವುದೇ ಕಷ್ಟ. ಆದರೆ ಕಡಿಮೆಯಿಂದ ಶುರುಮಾಡಿ. ಬೆಳಕು ಎಷ್ಟಿದೆ ಎಂದು ಕಣ್ಣಳತೆಯಲ್ಲಿ ಹೇಳಬೇಡಿ. ಅಳೆಯುವ ಯಂತ್ರ ಬಾಡಿಗೆಗಾದರೂ ತನ್ನಿ. ಯಾರಾದರೂ ಹಳೆಯ ಹಲೈಡ್ ಇಟ್ಟುಕೊಂಡಿದ್ದರೆ ಮೊದಲು ಗಾಜು ನೋಡಿ, ಆಮೇಲೆ ನಮಸ್ಕಾರ ಹೇಳಿ.

ಪರಮೇಶಣ್ಣನ ಮನೆಗೂ ಎಲ್‌ಇಡಿ ಹಾಕಿದೆ. ಹಳೆಯ ದೀಪವನ್ನು ನನ್ನ ಅಟ್ಟಕ್ಕೆ ತಂದೆ. ಅವರು ಮಣೆಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡರು.

ಆ ಮುಚ್ಚಳ ಮುಗಿಯಿತು. ಅದನ್ನು ಕೊಳ್ಳಬೇಕಿದ್ದವರು ಬರಲಿಲ್ಲವೋ, ಇವರೇ ಕೊಡಲಿಲ್ಲವೋ, ಗೋಡೆಯ ಗೂಡಿನಲ್ಲೇ ಉಳಿಯಿತು. ಹೋದಾಗಲೆಲ್ಲ ನಾನು ಅದನ್ನು ತೆಗೆದು ನೋಡುತ್ತಿದ್ದೆ. ಎಡಗಡೆಯ ಅರ್ಧ ಮೊದಲಿನದು, ಬಲಗಡೆಯ ಅರ್ಧ ಕಣ್ಣು ಸುಟ್ಟ ಮೇಲಿನದು. ಎಲೆಯ ನರ ಬಲಗಡೆ ಒಂದಿಷ್ಟು ದಪ್ಪವಾಗಿದೆಯೇ? ಒಂದು ದಿನ ಹೌದು ಅನ್ನಿಸುತ್ತಿತ್ತು, ಇನ್ನೊಂದು ದಿನ ಇಲ್ಲ. ಒಮ್ಮೆ ಭೂತಗನ್ನಡಿ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಪರಮೇಶಣ್ಣ ಹಿಂದಿನಿಂದ, "ಏನು ಮಂಜಪ್ಪ, ಅದ್ರಲ್ಲಿ ಹೇನು ಹುಡುಕ್ತಿದೀಯಾ?" ಅಂದರು. ಆಮೇಲೆ ಕನ್ನಡಿ ಒಯ್ಯಲಿಲ್ಲ.

ನನ್ನ ಸರ್ವಿಸ್ ಪುಸ್ತಕವನ್ನೂ ತೆಗೆದು ನೋಡಿದ್ದೇನೆ. ಆ ದಿನದ ಎದುರು ಹೀಗಿದೆ: "ಗ್ಲಾಸ್ ಒಡೆದಿದೆ. ತಿಳಿಸಿದೆ." ಅಕ್ಷರ ನಡುಗಿದೆ. ಚಲಿಸುವ ಬಸ್ಸಿನಲ್ಲಿ ಬರೆದದ್ದು. ಹಾಗಿದ್ದರೆ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಬರೆದೆನೇ? ಆದರೆ ನಾನು ಪುಸ್ತಕವನ್ನು ಯಾವಾಗಲೂ ಬಸ್ಸಿನಲ್ಲೇ ಬರೆಯುತ್ತಿದ್ದೆ. ಇಪ್ಪತ್ತು ವರ್ಷದ ಅಕ್ಷರವೆಲ್ಲ ನಡುಗಿದೆ. ಅದರಿಂದ ಏನೂ ಸಾಬೀತಾಗುವುದಿಲ್ಲ.

ಎರಡು ವರ್ಷದ ಹಿಂದೆ ನಾನು ಕೆಲಸ ಬಿಟ್ಟೆ. ಸೊಂಟ ಬಗ್ಗುವುದಿಲ್ಲ ಎಂದು ಎಲ್ಲರಿಗೂ ಹೇಳಿದೆ. ಸೊಂಟಕ್ಕೇನೂ ಅಂಥದ್ದಾಗಿರಲಿಲ್ಲ. ಅದೇ ಸುಮಾರಿಗೆ ಪರಮೇಶಣ್ಣನಿಗೆ ಕಣ್ಣು ಮಂಜಾಯಿತು. ಪೊರೆ ಬಂದಿದೆ ಎಂದರು. ಆಪರೇಷನ್‌ಗೆ ಮುಂಚೆ ನಾನೂ ಜೊತೆಗೆ ಹೋಗಿ, ಅವರು ಹೊರಗೆ ಹೋದಾಗ ಡಾಕ್ಟರನ್ನು ಕೇಳಿದೆ: "ಸಾರ್, ಹಿಂದೆ ಒಮ್ಮೆ ಎರಡು ದಿನ ಕಣ್ಣಿಗೆ ಜೋರು ಬೆಳಕು ತಾಗಿತ್ತು. ಅದ್ರಿಂದ ಇರಬಹುದಾ?"

"ವಯಸ್ಸೆಷ್ಟು ಅವ್ರಿಗೆ?" ಡಾಕ್ಟರು ಚೀಟಿ ನೋಡಿದರು. "ಅರವತ್ತೆಂಟು. ಈ ವಯಸ್ಸಿಗೆ ಎಲ್ರಿಗೂ ಬರೋದೇ. ಎರಡು ದಿನದ ಬೆಳಕಿಗೆ ಇದು ಬರಲ್ಲ."

ಒಬ್ಬ ಡಾಕ್ಟರು ಹೇಳಿದ ಮೇಲೆ ನಂಬಬೇಕು. ನಂಬಲು ಹೊರಟರೆ ಬಲಗಡೆಯ ಎಲೆಯ ನರ ಎದುರಿಗೆ ಬರುತ್ತಿತ್ತು.

ಆಪರೇಷನ್ ಆಗಿ ಆರೇಳು ತಿಂಗಳ ಮೇಲೆ ಅವರೇ ಫೋನ್ ಮಾಡಿದರು.

"ಮಂಜಪ್ಪ, ಆ ಹಳೇ ಲೈಟ್ ಇದೆಯಾ?"

"ಇದೆ ಪರಮೇಶಣ್ಣ. ಯಾಕೆ?"

"ತಗೊಂಡ್ ಬಾ. ಒಂದು ಸಲ ನೋಡ್ಬೇಕು. ಹೊಸ ಕಣ್ಣಿಗೆ ಅದ್ರ ನೆರಳು ಹೆಂಗೆ ಕಾಣ್ತದೆ ಅಂತ."

"ಡಾಕ್ಟ್ರು ಏನಂದ್ರು?"

"ಕಣ್ಣು ಉಜ್ಜಬೇಡ ಅಂದ್ರು. ಮೀನು ನೋಡಬೇಡ ಅಂತ ಎಲ್ಲೂ ಹೇಳಿಲ್ಲ."

ಆಗಲ್ಲ ಅನ್ನಬೇಕೆಂದು ಬಾಯಿ ತೆರೆದೆ. "ಬರ್ತೀನಿ" ಎಂಬ ಮಾತು ಹೊರಬಂತು. ಒಂದು ವಾರ ತಡಮಾಡಿದೆ. ಅಷ್ಟರಲ್ಲಿ ಆಸ್ಪತ್ರೆಗೇ ಫೋನ್ ಮಾಡಿ ಕೇಳಿದೆ; ಗಾಜಿರುವ ದೀಪ, ದೂರದಿಂದ, ಸ್ವಲ್ಪ ಹೊತ್ತು ಆದರೆ ತೊಂದರೆಯಿಲ್ಲ ಅಂದರು. ಅಂದು ಬೆಂಗಳೂರಿನಿಂದ ತರಿಸಿದ್ದ ಹೊಸ ಗಾಜು ಪೆಟ್ಟಿಗೆಯಲ್ಲೇ ಇತ್ತು, ಬಳಸಿರಲಿಲ್ಲ. ಅದನ್ನು ಹಾಕಿ ತಿರುಪು ಬಿಗಿ ಮಾಡಿದೆ. ಬಸ್ಸಿನಲ್ಲಿ ದೀಪವನ್ನು ಮಡಿಲಲ್ಲಿಟ್ಟುಕೊಂಡು, ದಾರಿಯುದ್ದಕ್ಕೂ ಗಾಜಿನ ಮೇಲೆ ಬೆರಳಿಟ್ಟುಕೊಂಡೇ ಹೋದೆ.

ಬೆಳಿಗ್ಗೆ ಹನ್ನೊಂದರ ಹೊತ್ತು. ಪರಮೇಶಣ್ಣ ಮಣೆಯನ್ನು ಮತ್ತೆ ಟ್ಯಾಂಕಿನ ಕಡೆ ಎಳೆದು ಕೂತಿದ್ದರು. ಗಿರಿಜಕ್ಕ ಒಳಬಾಗಿಲಿಗೆ ಒರಗಿ ನಿಂತಿದ್ದರು. ನಾನು ಸರಪಳಿಗೆ ದೀಪ ಸಿಕ್ಕಿಸಿದೆ. ಪ್ಲಗ್ ಹಾಕಿದೆ. ಸ್ವಿಚ್ಚಿನ ಮೇಲೆ ಬೆರಳಿಟ್ಟವನು ಒತ್ತಲಾರದೆ ನಿಂತೆ.

"ಪರಮೇಶಣ್ಣ, ಒಂದು ಕೇಳ್ಲಾ? ಅವತ್ತು ನಾನು ನಿಮ್ಗೆ ಹೇಳಿದ್ನಾ?"

ಅವರಿಗೆ ಯಾವತ್ತು ಎಂದು ಕೇಳಬೇಕಾಗಲಿಲ್ಲ. "ನೀನು ಹೇಳಿದ್ದೆ. ಆಸ್ಪತ್ರೇಲೇ ನಾನು ಅಂದಿದ್ನಲ್ಲ."

"ಎಂತ ಹೇಳಿದ್ದು?" ಎಂದರು ಗಿರಿಜಕ್ಕ. ದನಿ ಒಡೆದಿತ್ತು. "ಅವತ್ತು ಇವ್ರು ಮನೇಲೇ ಇರ್ಲಿಲ್ಲ ಮಂಜಣ್ಣ. ಕೆಳದಿ ದೇವಸ್ಥಾನದ ಕೆತ್ತನೆ ನೋಡ್ಕೊಂಡ್ ಬರ್ತೀನಿ ಅಂತ ಹೋಗಿದ್ರು. ನೀವು ಹೇಳಿದ್ದು ನಂಗೆ. ಇವ್ರಿಗೆ ಹೇಳಿ, ಆ ಬೆಳಕಲ್ಲಿ ಕೂರ್ಬಾರ್ದು ಅಂತ ಅಂದ್ರಿ. ಕುಕ್ಕರ್ ಕೂಗ್ತು, ನಾನು ಒಳಗೋದೆ. ನೀವು ಕಾಫಿ ಕುಡ್ದು ಹೊರಟ್ರಿ. ನಾನು ಮರ್ತೇಬಿಟ್ಟೆ. ಇಷ್ಟು ವರ್ಷ ಇವ್ರಿಗೆ ಹೇಳಕ್ಕೆ ಧೈರ್ಯ ಬರ್ಲಿಲ್ಲ. ಪೊರೆ ಬಂದಾಗ ನಂಗೆ ಊಟ ಸೇರ್ಲಿಲ್ಲ."

ಹನ್ನೆರಡು ವರ್ಷ ನಾನೊಬ್ಬನೇ ಹೊತ್ತಿದ್ದೇನೆ ಎಂದುಕೊಂಡಿದ್ದ ಹೆದರಿಕೆಯನ್ನು ಇದೇ ಮನೆಯಲ್ಲಿ ಇನ್ನೊಬ್ಬರು ಹೊತ್ತಿದ್ದರು. ನನಗೆ ಹಗುರಾಗಬೇಕಿತ್ತು. ನಾನು ಹೇಳಿದ್ದೆ ಎನ್ನುವುದಕ್ಕೆ ಒಬ್ಬರು ಸಾಕ್ಷಿ ಸಿಕ್ಕಿದ್ದರು. ಮಸೆಗಲ್ಲು, ಬನಿಯನ್ನು ಎಲ್ಲ ಸುಳ್ಳಾದರೂ ಮಾತು ನಿಜವಾಗಿತ್ತು. ಆದರೆ ನಾನು ಕಾಫಿ ಕುಡಿಯುವುದಿಲ್ಲ. ಹುಟ್ಟಿದಾಗಿನಿಂದ ಕುಡಿದಿಲ್ಲ, ಹೊಟ್ಟೆ ಉರಿಯುತ್ತದೆ. ಈ ಮನೆಯಲ್ಲಿ ನನಗೆ ಯಾವಾಗಲೂ ಕೊಟ್ಟಿದ್ದು ಕಷಾಯ.

"ಕಾಫಿ ಅಲ್ಲ ಅಕ್ಕ" ಎಂದೆ.

ಗಿರಿಜಕ್ಕ ನನ್ನ ಮುಖ ನೋಡಿದರು. ತನ್ನ ನೆನಪಿನ ಮೇಲೇ ಹುಟ್ಟುವ, ನನಗೆ ಪರಿಚಯವಿದ್ದ ಅನುಮಾನವೊಂದು ಅವರ ಮುಖದಲ್ಲಿ ಬಂದು ಹೋಯಿತು. ಬಸ್ಸಿನಲ್ಲಿ ಕೂತು ಮಾತು ಜೋಡಿಸಿದವನಿಗೆ ಅದು ಗೊತ್ತಾಗುತ್ತದೆ.

"ನಾನು ಕೆಳದಿಗೆ ಹೋಗಿದ್ದು ಆ ವಾರ ಅಲ್ಲ" ಎಂದರು ಪರಮೇಶಣ್ಣ ನಿಧಾನವಾಗಿ. "ಅಥ್ವಾ ಆ ವಾರಾನೇ ಇರ್ಬೇಕು. ಬಿಡಿ ಮಾರಾಯ್ರೇ ಇಬ್ರೂ. ಯಾರೋ ಹೇಳಿದ್ರೋ ಬಿಟ್ರೋ. ಬೆಳಕು ಚೆನ್ನಾಗಿತ್ತು, ಕೂತೆ. ಅಷ್ಟು ನಂಗೆ ನೆನಪಿದೆ." ಅವರು ಮಣೆಯ ಮೇಲಿಂದಲೇ ತಲೆ ಎತ್ತಿ ನನ್ನನ್ನು ನೋಡಿದರು. "ಈಗ ಹೇಳು. ಗ್ಲಾಸ್ ಇದೆಯಾ?"

"ಇದೆ."

"ನೋಡಿ ಹೇಳು."

ಬಗ್ಗಿ ನೋಡಿದೆ. ಬೆರಳಿನಿಂದ ತಟ್ಟಿದೆ. ಗಾಜಿನ ಸದ್ದು ಬಂತು. "ಇದೆ."

"ಅದ್ರ ಕಡೆ ನೋಡಿ ಹೇಳ್ಬೇಡ. ನನ್ ಮುಖ ನೋಡಿ ಹೇಳು. ಗಿರಿಜಾ, ನೀನೂ ಇಲ್ಲಿ ಬಾ, ಕೇಳಿಸ್ಕೋ."

ಗಿರಿಜಕ್ಕ ಬಂದು ಅವರ ಪಕ್ಕ ನಿಂತರು. ನಾನು ತಿರುಗಿ ಇಬ್ಬರ ಕಣ್ಣನ್ನೂ ನೋಡಿದೆ. ಪರಮೇಶಣ್ಣನ ಹೊಸ ಕಣ್ಣು ಸ್ವಲ್ಪ ಹೊಳೆಯುತ್ತಿತ್ತು.

"ಪರಮೇಶಣ್ಣ, ಗಿರಿಜಕ್ಕ, ಗ್ಲಾಸ್ ಹಾಕಿದೀನಿ. ಆದ್ರೂ ಹತ್ರ ಕೂರಬೇಡಿ. ಹತ್ತು ನಿಮಿಷ ನೋಡಿ, ಆರಿಸ್ತೀನಿ."

"ಆಯ್ತು" ಎಂದರು ಪರಮೇಶಣ್ಣ. "ಕೇಳಿಸ್ತು" ಎಂದರು ಗಿರಿಜಕ್ಕ. ಗಂಡನನ್ನು ಎಬ್ಬಿಸಿ ಮಣೆಯನ್ನು ಎರಡಡಿ ಹಿಂದಕ್ಕೆ ಎಳೆದವರೂ ಗಿರಿಜಕ್ಕನೇ.

ಸ್ವಿಚ್ ಒತ್ತಿದೆ. ನೇರಳೆ ಬಂತು. ಆಮೇಲೆ ಹಸಿರು. ನೀರಿನ ಮೇಲೆ ಬೆಳಕು ನಿಧಾನವಾಗಿ ಬಿಳಿಯಾಗುತ್ತ, ಮರಳಿನ ಮೇಲೆ ಬಲೆ ಹೆಣೆಯತೊಡಗಿತು. ಪರಮೇಶಣ್ಣ ಗೂಡಿನಿಂದ ಮುಚ್ಚಳ ತರಿಸಿ ಬೆಳಕಿಗೆ ಹಿಡಿದು, ಎಡಗಡೆಯನ್ನೂ ಬಲಗಡೆಯನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಏನು ಕಂಡಿತು ಎಂದು ನಾನು ಕೇಳಲಿಲ್ಲ. ನಾನು ಮುಚ್ಚಳ ನೋಡಲಿಲ್ಲ, ಟ್ಯಾಂಕೂ ನೋಡಲಿಲ್ಲ. ಒಂದು ಕೈ ಸ್ವಿಚ್ಚಿನ ಮೇಲಿಟ್ಟುಕೊಂಡು, ಹತ್ತು ನಿಮಿಷವೂ, ಅವರ ಕಣ್ಣನ್ನೇ ನೋಡುತ್ತ ನಿಂತೆ.